ಲಂಡನ್ನಿನ ಪಿಯಾನೊಗೆ ಮೈಸೂರಿನ ಆಸರೆ

ಸಂಗೀತ ರಚನಕಾರ ತೀರಿಕೊಂಡರೂ ಆತ ಬರೆದಿಟ್ಟ ಸ್ವರಲಿಪಿ ಉಳಿಯುತ್ತದೆ. ಆದರೆ ವಾದಕನ ಬೆರಳುಗಳಲ್ಲಿದ್ದ ನುಡಿಸಾಣಿಕೆ? ಯಾರಾದರೂ ಹಿಡಿದಿಡದಿದ್ದರೆ ಅದು ಅವನೊಂದಿಗೇ ಮಣ್ಣಾಗುತ್ತದೆ. ರಷ್ಯದ ಪಿಯಾನೊ ವಾದಕ, ರಚನಕಾರ ನಿಕೊಲಾಯ್ ಮೆಟ್ನರ್‌ನ ವಾದನದ ಬಹುಪಾಲು ಹಾಗೆಯೇ ಕಳೆದುಹೋಗುವುದರಲ್ಲಿತ್ತು. ಲಂಡನ್‌ನಲ್ಲಿ ನೆಲೆಸಿದ್ದ ಆತನಿಗೆ ಅರವತ್ತೈದು ದಾಟಿತ್ತು. ಹೃದ್ರೋಗ ಅಂಟಿಕೊಂಡಿತ್ತು, ಕೈ ಬರಿದಾಗಿತ್ತು. ಆಗ ನೆರವು ಬಂದದ್ದು ಸಾವಿರಾರು ಮೈಲಿ ದೂರದ ಮೈಸೂರಿನಿಂದ!

ಮೆಟ್ನರ್ ಹುಟ್ಟಿದ್ದು 1880ರ ಜನವರಿ 5ರಂದು, ಮಾಸ್ಕೋದಲ್ಲಿ. ಪಿಯಾನೊದ ಮೊದಲ ಪಾಠ ಹೇಳಿಕೊಟ್ಟವಳು ತಾಯಿ. ಹನ್ನೆರಡರ ವಯಸ್ಸಿಗೆ ಮಾಸ್ಕೋ ಕನ್ಸರ್ವೇಟರಿ ಸೇರಿದ ಹುಡುಗ, 1900ರಲ್ಲಿ ಆಂಟನ್ ರೂಬಿನ್‌ಸ್ಟೈನ್ ಬಹುಮಾನ ಪಡೆದು ಹೊರಬಂದ. ಊರೂರು ಸುತ್ತಿ, ಜನಪ್ರಿಯ ಕೃತಿಗಳನ್ನು ನುಡಿಸಿ, ಹಣ ಮತ್ತು ಹೆಸರು ಎರಡನ್ನೂ ಗಳಿಸುವ ದಾರಿ ಇಪ್ಪತ್ತರ ತರುಣನ ಮುಂದೆ ತೆರೆದಿತ್ತು. ಆದರೆ ಬೇತೊವನ್‌ನ ಕೊನೆಗಾಲದ ಸೊನಾಟಾಗಳಿಗೆ ಮಾರುಹೋಗಿದ್ದ ಆತ ಆ ದಾರಿ ಬಿಟ್ಟು ರಚನೆಗೆ ಕುಳಿತ. ಮುಂದೆ ಕಛೇರಿ ಕೊಟ್ಟಾಗಲೂ ನುಡಿಸಿದ್ದು ಹೆಚ್ಚಾಗಿ ಸ್ವಂತ ಕೃತಿಗಳನ್ನೇ.

ಹದಿನಾಲ್ಕು ಪಿಯಾನೊ ಸೊನಾಟಾಗಳು, ಮೂರು ಕನ್ಸರ್ಟೊಗಳು, ನೂರಕ್ಕೂ ಹೆಚ್ಚು ಹಾಡುಗಳು, ‘ಸ್ಕಾಜ್ಕಿ’ ಅಂದರೆ ‘ಕಥೆಗಳು’ ಎಂದು ಆತನೇ ಹೆಸರಿಟ್ಟ ಕಿರುರಚನೆಗಳು. ಆತ ಪ್ರಕಟಿಸಿದ ಪ್ರತಿ ಕೃತಿಯಲ್ಲೂ ಪಿಯಾನೊ ಇದೆ.

ಈ ಸಂಗೀತದ ಬೆಲೆ ಬಲ್ಲ ದೊಡ್ಡ ಗೆಳೆಯನೊಬ್ಬನಿದ್ದ: ಸೆರ್ಗೆಯ್ ರಾಹ್ಮಾನಿನೊವ್. ಆತ ತನ್ನ ನಾಲ್ಕನೆಯ ಕನ್ಸರ್ಟೊವನ್ನು ಮೆಟ್ನರ್‌ಗೆ ಅರ್ಪಿಸಿದರೆ, ಮೆಟ್ನರ್ ತನ್ನ ಎರಡನೆಯದನ್ನು ಆತನಿಗೆ ಅರ್ಪಿಸಿದ. ಕ್ರಾಂತಿಯ ನಂತರ ಇಬ್ಬರೂ ರಷ್ಯ ಬಿಟ್ಟವರೇ. ರಾಹ್ಮಾನಿನೊವ್ ಅಮೆರಿಕದಲ್ಲಿ ಕಛೇರಿಗಳಿಂದ ಸಿರಿವಂತನಾದ. 1921ರಲ್ಲಿ ದೇಶ ಬಿಟ್ಟ ಮೆಟ್ನರ್ ಮಾತ್ರ ಜರ್ಮನಿ, ಫ್ರಾನ್ಸ್ ಎಂದು ಅಲೆದು, 1930ರ ದಶಕದ ಮಧ್ಯದಲ್ಲಿ ಲಂಡನ್ ಸೇರಿದ.

ಕಾಲವೂ ಆತನ ಪರವಾಗಿರಲಿಲ್ಲ. ಸ್ಟ್ರಾವಿನ್‌ಸ್ಕಿ, ಶೋನ್‌ಬರ್ಗ್‌ರ ಹೊಸ ಸಂಗೀತ ಯುರೋಪಿನ ಕಿವಿ ಸೆಳೆದಿತ್ತು. ಈ ಹೊಸತನವನ್ನು ಒಪ್ಪದ ಮೆಟ್ನರ್ 1935ರಲ್ಲಿ ಒಂದು ಪುಸ್ತಕವನ್ನೇ ಬರೆದು ಪ್ರಕಟಿಸಿದ. ಎರಡನೆಯ ಮಹಾಯುದ್ಧ ಶುರುವಾದಾಗ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು. 1942ರಲ್ಲಿ ಹೃದಯಾಘಾತ. ಮರುವರ್ಷ ರಾಹ್ಮಾನಿನೊವ್ ಸಾವು. ಯುದ್ಧಕಾಲದಲ್ಲಿ ಆತನಿಗೂ ಪತ್ನಿ ಆನ್ನಾಗೂ ಆಶ್ರಯ ಕೊಟ್ಟವರು ಇಂಗ್ಲಿಷ್ ಪಿಯಾನೊ ವಾದಕಿ ಎಡ್ನಾ ಐಲ್ಸ್. ಮೂರನೆಯ ಕನ್ಸರ್ಟೊ ಮುಗಿದದ್ದು ಈ ಸಂಕಟದ ನಡುವೆಯೇ. 1944ರ ಫೆಬ್ರುವರಿಯಲ್ಲಿ ಲಂಡನ್‌ನ ಆಲ್ಬರ್ಟ್ ಹಾಲ್‌ನಲ್ಲಿ ಆತನೇ ಅದನ್ನು ಮೊದಲ ಬಾರಿಗೆ ನುಡಿಸಿದ.

ಇತ್ತ ಮೈಸೂರಿನಲ್ಲಿ ಮತ್ತೊಂದು ಕಥೆ. ಜಯಚಾಮರಾಜೇಂದ್ರ ಒಡೆಯರ್ ಪಾಶ್ಚಾತ್ಯ ಸಂಗೀತ ಕಲಿತಿದ್ದರು. ಕಛೇರಿ ಕೊಡುವ ಪಿಯಾನೊ ವಾದಕರಾಗಬೇಕೆಂಬುದು ಅವರ ಆಸೆ. ಆದರೆ 1940ರಲ್ಲಿ ಮೊದಲು ತಂದೆ, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು. ಇಪ್ಪತ್ತೊಂದರ ಯುವಕನ ತಲೆಗೆ ಕಿರೀಟ ಬಂತು, ಪಿಯಾನೊದ ಕನಸು ಅರಮನೆಯೊಳಗೇ ಉಳಿಯಿತು. ಮುಂದೆ ತೊಂಬತ್ತನಾಲ್ಕು ಕರ್ನಾಟಕ ಸಂಗೀತ ಕೃತಿಗಳನ್ನು ರಚಿಸಿದ ಈ ಅರಸರಿಗೆ ಮೆಟ್ನರ್‌ನ ಸಂಗೀತವೂ ಅಷ್ಟೇ ಪ್ರಿಯ. ಆತನ ಕೃತಿಗಳನ್ನು ಆತನ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸಲು ಅವರು ಹಣ ಒದಗಿಸಿದರು. ಅದಕ್ಕಾಗಿಯೇ ‘ಮೆಟ್ನರ್ ಸೊಸೈಟಿ’ ಹುಟ್ಟಿತು.

1947ರಲ್ಲಿ ಮೂರೂ ಕನ್ಸರ್ಟೊಗಳ ಮುದ್ರಣ ನಡೆಯಿತು. ಜೊತೆಗಿದ್ದದ್ದು ಲಂಡನ್‌ನ ಫಿಲ್‌ಹಾರ್ಮೋನಿಯಾ ವಾದ್ಯವೃಂದ. ಅದು 78 ಸುತ್ತಿನ ತಟ್ಟೆಗಳ ಕಾಲ. ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ನಾಲ್ಕೈದು ನಿಮಿಷದ ಸಂಗೀತ ಮಾತ್ರ. ಅರ್ಧ ಗಂಟೆಗೂ ಮೀರಿದ ಕೃತಿಯನ್ನು ತುಂಡು ತುಂಡಾಗಿ ನುಡಿಸಬೇಕು. ನಡುವೆ ತಪ್ಪಿದರೆ ಆ ಭಾಗವನ್ನು ಕತ್ತರಿಸಿ ಜೋಡಿಸುವಂತಿಲ್ಲ. ಇಡೀ ಮಗ್ಗುಲನ್ನು ಮತ್ತೆ ನುಡಿಸಬೇಕು. ಅರವತ್ತೇಳರ ಹೃದ್ರೋಗಿ ಇದನ್ನೆಲ್ಲ ತಾಳಿಕೊಂಡ! ಸೊನಾಟಾಗಳು, ಕಿರುರಚನೆಗಳೂ ಮುದ್ರಣಗೊಂಡವು. 1950ರಲ್ಲಿ ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಆತನ ಗೀತೆಗಳನ್ನು ಹಾಡಿದಾಗ ಪಿಯಾನೊ ಮುಂದೆ ಕುಳಿತವನೂ ಮೆಟ್ನರನೇ.

1951ರ ನವೆಂಬರ್ 13ರಂದು ಲಂಡನ್‌ನಲ್ಲಿ ಆತ ಕಣ್ಮುಚ್ಚಿದ. ಮುದ್ರಣ ಎರಡು–ಮೂರು ವರ್ಷ ತಡವಾಗಿದ್ದರೆ? ಸ್ವರಲಿಪಿ ಉಳಿಯುತ್ತಿತ್ತು, ಆದರೆ ಎಲ್ಲಿ ತಡೆಯಬೇಕು, ಎಲ್ಲಿ ಓಡಬೇಕು ಎಂಬ ಗುಟ್ಟನ್ನು ಕರ್ತೃವೇ ನುಡಿಸಿ ತೋರಿಸಿದ ದಾಖಲೆ ಇಷ್ಟು ದೊಡ್ಡ ಪ್ರಮಾಣದಲ್ಲಿ ಸಿಗುತ್ತಿರಲಿಲ್ಲ. ಪತ್ನಿ ಆನ್ನಾ 1958ರಲ್ಲಿ ತಾಯ್ನಾಡಿಗೆ ಮರಳಿದ ಬಳಿಕ ಆತನ ಸಮಗ್ರ ಕೃತಿಗಳು ಮಾಸ್ಕೋದಲ್ಲಿ ಅಚ್ಚಾದವು. ಹಳೆಯ ತಟ್ಟೆಗಳ ವಾದನ ಮುಂದೆ ಸಿ.ಡಿ.ಗಳಿಗೂ ಇಳಿಯಿತು.

ಕೈಯಲ್ಲಿ ಕಾಸಿಲ್ಲದ ಕಲಾವಿದ ಋಣ ತೀರಿಸುವುದಾದರೂ ಹೇಗೆ? ಮೆಟ್ನರ್ ತನಗೆ ತಿಳಿದ ಒಂದೇ ದಾರಿ ಹಿಡಿದ. ಯುದ್ಧದ ದಿನಗಳಲ್ಲಿ ಬರೆದ ಆ ಮೂರನೆಯ ಕನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ.