ಹಾವುಗಳ ಆಹಾರ ಮತ್ತು ಜೀರ್ಣಕ್ರಿಯೆ

ಹಾವುಗಳು ಸಂಪೂರ್ಣ ಮಾಂಸಾಹಾರಿಗಳಾದ ಸರೀಸೃಪಗಳು. ಇವು ಬೇಟೆಯನ್ನು ಅಗಿಯದೆ ಇಡಿಯಾಗಿ ನುಂಗುತ್ತವೆ. ಹಾವುಗಳು ಶೀತರಕ್ತ ಪ್ರಾಣಿಗಳಾದುದರಿಂದ ನುಂಗಿದ ಆಹಾರವು ಜೀರ್ಣವಾಗುವ ವೇಗವು ಸುತ್ತಲಿನ ಉಷ್ಣತೆಯನ್ನು ಅವಲಂಬಿಸಿರುತ್ತದೆ. ತಪ್ಪು ಆಹಾರ, ಕಡಿಮೆ ಉಷ್ಣತೆ ಹಾಗೂ ಮನುಷ್ಯರ ಹಸ್ತಕ್ಷೇಪ ಇವುಗಳ ಅಜೀರ್ಣಕ್ಕೆ ಮುಖ್ಯ ಕಾರಣಗಳು.

ಸ್ವಾಭಾವಿಕ ಆಹಾರ

ಆಹಾರವು ಪ್ರಭೇದದಿಂದ ಪ್ರಭೇದಕ್ಕೆ ಬದಲಾಗುತ್ತದೆ. ಬೆಂಗಳೂರಿನಲ್ಲಿ ಕಂಡುಬರುವ ಕೇರೆ ಹಾವು ಇಲಿ, ಕಪ್ಪೆ ಮತ್ತು ಹಕ್ಕಿಗಳನ್ನು ತಿನ್ನುತ್ತದೆ. ನಾಗರಹಾವು ಇಲಿ, ಕಪ್ಪೆಗಳ ಜೊತೆಗೆ ಇತರ ಹಾವುಗಳನ್ನೂ ನುಂಗುವುದುಂಟು. ಕೆರೆಕುಂಟೆಗಳಲ್ಲಿ ವಾಸಿಸುವ ನೀರುಹಾವು ಮೀನು ಮತ್ತು ಕಪ್ಪೆಗಳನ್ನು ಅವಲಂಬಿಸಿದೆ. ಉತ್ತರ ಅಮೆರಿಕದ ಗಾರ್ಟರ್ ಹಾವು ನೀರುಹಾವಿನ ಉಪಕುಟುಂಬಕ್ಕೇ ಸೇರಿದ್ದು, ಎರೆಹುಳು, ಮೀನು ಮತ್ತು ಕಪ್ಪೆಗಳನ್ನು ತಿನ್ನುತ್ತದೆ. ವಿದೇಶಗಳಲ್ಲಿ ಇದನ್ನು ಮನೆಗಳಲ್ಲಿ ಸಾಕುತ್ತಾರೆ.

ಜೀರ್ಣಕ್ರಿಯೆಯ ವಿಧಾನ

ಹಾವಿನ ಕೆಳದವಡೆಯ ಎರಡು ಭಾಗಗಳು ಹಿಗ್ಗುವ ಅಂಗಾಂಶದಿಂದ ಜೋಡಣೆಯಾಗಿರುವುದರಿಂದ ತಲೆಗಿಂತ ದೊಡ್ಡ ಬೇಟೆಯನ್ನೂ ಅದು ನುಂಗಬಲ್ಲದು. ಜಠರದ ಪ್ರಬಲ ಆಮ್ಲ ಮತ್ತು ಕಿಣ್ವಗಳು ಮಾಂಸವನ್ನೂ ಮೂಳೆಗಳನ್ನೂ ಕರಗಿಸುತ್ತವೆ. ಕೂದಲು, ಉಗುರುಗಳು ಮಲದೊಂದಿಗೆ ಹೊರಬೀಳುತ್ತವೆ. ಇದಕ್ಕೆ ಹಲವು ದಿನಗಳು ಬೇಕಾಗಬಹುದು. ಸಾಕಷ್ಟು ಶಾಖ ದೊರೆಯದಿದ್ದರೆ ಜೀರ್ಣಕ್ರಿಯೆ ನಿಧಾನವಾಗಿ, ಬೇಟೆಯು ಹೊಟ್ಟೆಯಲ್ಲೇ ಕೊಳೆಯತೊಡಗುತ್ತದೆ. ಆಗ ಹಾವು ಅದನ್ನು ಕಕ್ಕುತ್ತದೆ. ಊಟವಾದ ಹಾವು ಬಿಸಿಲು ಕಾಯಿಸಿಕೊಳ್ಳುವುದು ಈ ಕಾರಣದಿಂದಲೇ.

ಸೆರೆಯಲ್ಲಿ ಕಾಣುವ ತೊಂದರೆಗಳು

ಗಾರ್ಟರ್ ಹಾವುಗಳ ಪಾಲನೆಯಿಂದ ತಿಳಿದುಬಂದ ಕೆಲವು ಅಂಶಗಳು ಹೀಗಿವೆ:

• ಗೋಲ್ಡ್‌ಫಿಷ್ ಮೊದಲಾದ ಕೆಲವು ಮೀನುಗಳಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದೆ. ಇದು ಬಿ1 ಜೀವಸತ್ವವನ್ನು ನಾಶಪಡಿಸುತ್ತದೆ. ಇಂತಹ ಮೀನನ್ನೇ ನಿರಂತರವಾಗಿ ಕೊಟ್ಟರೆ ಹಾವಿಗೆ ನಡುಕ ಮತ್ತು ಸೆಳವು ಕಾಣಿಸಿಕೊಂಡು ಸಾವೂ ಸಂಭವಿಸಬಹುದು. ಮೀನನ್ನು ಹೆಪ್ಪುಗಟ್ಟಿಸಿದರೆ ಈ ಕಿಣ್ವವು ನಾಶವಾಗುವುದಿಲ್ಲ.
• ಎರೆಗೊಬ್ಬರದ ತೊಟ್ಟಿಗಳಲ್ಲಿ ಬಳಸುವ ಕೆಂಪು ಎರೆಹುಳುವಿನ ಒಂದು ಪ್ರಭೇದವು (ಐಸೇನಿಯಾ ಫೆಟಿಡಾ) ಈ ಹಾವುಗಳಿಗೆ ಯೋಗ್ಯವಲ್ಲ.
• ಹಾವಿನ ದೇಹದ ಅತಿ ದಪ್ಪನೆಯ ಭಾಗಕ್ಕಿಂತ ಹೆಚ್ಚು ದಪ್ಪವಿರುವ ಬೇಟೆ ಹಾಗೂ ಊಟವಾದ ಕೂಡಲೇ ಹಾವನ್ನು ಎತ್ತಿ ಹಿಡಿಯುವುದು ಕಕ್ಕುವಿಕೆಗೆ ಕಾರಣವಾಗುತ್ತವೆ.
• ಕಕ್ಕಿದ ಹಾವಿಗೆ ಕೂಡಲೇ ಮತ್ತೆ ಆಹಾರ ಕೊಡಬಾರದು. ಜಠರವು ಚೇತರಿಸಿಕೊಳ್ಳಲು ಅದಕ್ಕೆ ಬಿಡುವು ಬೇಕು.
• ಪೊರೆ ಬಿಡುವ ಮುನ್ನ ಹಾವು ಆಹಾರವನ್ನು ನಿರಾಕರಿಸುವುದು ಸಹಜ, ಅದು ಕಾಯಿಲೆಯಲ್ಲ.

ಹಾಲು ಮತ್ತು ನಾಗರ ಪಂಚಮಿ

ಹಾವುಗಳು ಹಾಲು ಕುಡಿಯುತ್ತವೆ ಎಂಬ ನಂಬಿಕೆಗೆ ಆಧಾರವಿಲ್ಲ. ಹಾಲು ಸಸ್ತನಿಗಳ ಆಹಾರ. ಹಾವಿನ ಜೀರ್ಣಾಂಗವು ಅದಕ್ಕೆ ಹೊಂದಿಕೊಂಡಿಲ್ಲ. ಹಾವಾಡಿಗರು ಹಾವುಗಳಿಗೆ ಅನೇಕ ದಿನ ನೀರು ಕೊಡದೆ ಇಡುವುದರಿಂದ, ಬಾಯಾರಿದ ಹಾವು ಎದುರಿಗಿಟ್ಟ ಯಾವ ದ್ರವವನ್ನಾದರೂ ಕುಡಿಯುತ್ತದೆ. ಹಾವಿನ ಶ್ವಾಸದ್ವಾರವು ಬಾಯಿಯ ತಳದಲ್ಲಿ ಮುಂಭಾಗದಲ್ಲೇ ಇರುವುದರಿಂದ, ಬಲವಂತವಾಗಿ ಹಾಲೆರೆದರೆ ಅದು ಶ್ವಾಸಕೋಶವನ್ನು ಸೇರಿ ಸೋಂಕು ಉಂಟಾಗಬಹುದು. ಹಲ್ಲು ಕಿತ್ತ ಹಾವುಗಳ ಬಾಯಿಯ ಗಾಯಗಳೂ ಕೀವಾಗುತ್ತವೆ.

ಶ್ರಾವಣ ಶುದ್ಧ ಪಂಚಮಿಯಂದು ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಅಶ್ವತ್ಥಕಟ್ಟೆಯ ನಾಗರಕಲ್ಲುಗಳಿಗೆ ಹಾಲೆರೆಯುವ ಸಂಪ್ರದಾಯವಿದೆ. ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಾಲಯದ ಆವರಣದಲ್ಲಿಯೂ ಇಂತಹ ಕಲ್ಲುಗಳಿವೆ. ಕಲ್ಲಿಗೆ ಎರೆಯುವ ಹಾಲಿನಿಂದ ಯಾವ ಹಾವಿಗೂ ಹಾನಿಯಿಲ್ಲ. ತೊಂದರೆಯಾಗುವುದು ಸೆರೆಹಿಡಿದು ತಂದ ಜೀವಂತ ಹಾವಿಗೆ ಕುಡಿಸಿದಾಗ.

ಕಾನೂನು

1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯಡಿ ನಾಗರಹಾವು, ಕೇರೆ ಹಾವು, ನೀರುಹಾವು ಮುಂತಾದವು ಸಂರಕ್ಷಿತ ಪ್ರಾಣಿಗಳು. ಇವುಗಳನ್ನು ಹಿಡಿಯುವುದು, ಸಾಕುವುದು ಮತ್ತು ಪ್ರದರ್ಶನಕ್ಕೆ ಬಳಸುವುದು ಅಪರಾಧ. ಗಾಯಗೊಂಡ ಹಾವು ಕಂಡರೆ ಅದಕ್ಕೆ ಹಾಲು, ಮೊಟ್ಟೆ ಅಥವಾ ಮಾಂಸ ತಿನ್ನಿಸಲು ಪ್ರಯತ್ನಿಸದೆ, ದೂರದಲ್ಲಿ ನಿಂತು ಅರಣ್ಯ ಇಲಾಖೆಗೆ ತಿಳಿಸಬೇಕು.