ಬುದ್ಧಿಯ ಅಳತೆ ಮತ್ತು ಅಳತೆಗೋಲು

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ನಮ್ಮ ನೆರೆಯವರೊಬ್ಬರು ಒಂದು ಸಂಜೆ ಕಾಗದವೊಂದನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಅವರ ಮಗನಿಗೆ ಆಗ ಎಂಟು ವರ್ಷ ತುಂಬಿತ್ತು. ಶಾಲೆಯಲ್ಲಿ ಹಿಂದುಳಿದಿದ್ದಾನೆಂದು ಅವನ ಬುದ್ಧಿಯನ್ನು ಪರೀಕ್ಷಿಸಿ, ಕಾಗದದ ಮೇಲೆ 75 ಎಂಬ ಅಂಕಿಯನ್ನು ಬರೆದುಕೊಟ್ಟಿದ್ದರು. ‘ಸರ್, ಇದು ಖರೇ ಏನ್ರೀ?’ ಎಂದು ಅವರು ಕೇಳಿದರು. ನಾವು ಕೂಡಲೇ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಒಂದು ಅಂಕಿ ನಿಜವೋ ಸುಳ್ಳೋ ಎಂಬುದನ್ನು ಹೇಳಬೇಕಾದರೆ ಅದು ಹುಟ್ಟಿದ ಬಗೆಯನ್ನು ಮೊದಲು ತಿಳಿಯಬೇಕು.

ಈ ಬಗೆಯ ಪರೀಕ್ಷೆಯ ಮೂಲ ಪ್ಯಾರಿಸ್ ನಗರದಲ್ಲಿದೆ. ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋ ಎಂಬ ವಿದ್ವಾಂಸರು 1905ರಲ್ಲಿ, ವಿಶೇಷ ಸಹಾಯ ಬೇಕಾದ ಮಕ್ಕಳನ್ನು ಗುರುತಿಸುವುದಕ್ಕಾಗಿ, ಸುಲಭದಿಂದ ಕಠಿಣದ ಕಡೆಗೆ ಸಾಗುವ ಪ್ರಶ್ನೆಗಳನ್ನು ಅಣಿಮಾಡಿದರು. ಅಮೆರಿಕೆಯ ಟರ್ಮನ್ ಎಂಬವರು 1916ರಲ್ಲಿ ಅದನ್ನು ತಮ್ಮ ದೇಶದ ಮಕ್ಕಳಿಗೆ ಹೊಂದಿಸಿದರು. ನಮ್ಮ ನಾಡಿನ ಮಟ್ಟಿಗೆ ಆ ಕೆಲಸವನ್ನು ಮಾಡಿದವರು ವಿ. ವಿ. ಕಾಮತರು. ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಅವರು ಸಿದ್ಧಪಡಿಸಿದ ಪರಿಷ್ಕರಣದ ವಿವರ 1934ರಲ್ಲಿ ಇಂಗ್ಲೆಂಡಿನ ಶಿಕ್ಷಣ ಮನಶ್ಶಾಸ್ತ್ರದ ಪತ್ರಿಕೆಯೊಂದರಲ್ಲಿ ಬೆಳಕು ಕಂಡಿತು. ಗ್ರಂಥವು 1940ರಲ್ಲಿ ಹೊರಬಂದಿತು. ಮುಂಬಯಿ ಕರ್ನಾಟಕ ಪರಿಷ್ಕರಣವೆಂದು ಹೆಸರಾದ ಈ ಬಿನೆ–ಕಾಮತ್ ಪರೀಕ್ಷೆ ಭಾರತದ ಆಸ್ಪತ್ರೆಗಳಲ್ಲಿ ಹಲವು ದಶಕಗಳಿಂದ ಬಳಕೆಯಲ್ಲಿದೆ. ನೆರೆಯವರ ಕಾಗದದ ಮೇಲಿದ್ದುದೂ ಅದೇ.

ಇದೇನು ಮಹಾ, ಇಂಗ್ಲಿಷ್ ಪ್ರಶ್ನೆಗಳನ್ನು ಕನ್ನಡಕ್ಕೆ ತಿರುಗಿಸಿದರಾಯಿತಲ್ಲ ಎಂದು ಕೆಲವರು ಭಾವಿಸಬಹುದು. ಟರ್ಮನ್ನರ ಪರೀಕ್ಷೆಯಲ್ಲಿ ಏಳು ವರ್ಷದ ಮಗುವಿಗೆ ದಾರವನ್ನು ಬೂಟಿನ ಲಾಡಿಯಂತೆ ಕುಣಿಕೆಯಾಗಿ ಕಟ್ಟಿತೋರಿಸು ಎಂಬುದು ಒಂದು ಪ್ರಶ್ನೆ. ಬರಿಗಾಲಿನಲ್ಲಿ ಓಡಾಡುವ ಮಗುವಿಗೆ ಇದನ್ನೇ ಕೊಟ್ಟರೆ ನಾವು ಅಳೆಯುವುದು ಬುದ್ಧಿಯನ್ನಲ್ಲ, ತಂದೆ ಬೂಟು ಕೊಡಿಸಿದನೇ ಇಲ್ಲವೇ ಎಂಬುದನ್ನು. ಆರು ವರ್ಷದವರು ನಾಲ್ಕು ಅಮೆರಿಕನ್ ನಾಣ್ಯಗಳ ಹೆಸರು ಹೇಳಬೇಕಿತ್ತು. ಅದನ್ನು ನಮ್ಮ ಆಣೆಗಳಿಗೆ ಬದಲಿಸಿದೆವೆಂದುಕೊಳ್ಳಿ; 1957ನೆಯ ಏಪ್ರಿಲ್ 1ರಂದು ದಶಮಾಂಶ ನಾಣ್ಯಗಳು ಬಂದವು, ಪ್ರಶ್ನೆ ಮತ್ತೆ ಕೆಟ್ಟಿತು. ದುಡ್ಡು ಫೋನಿನಲ್ಲಿಯೇ ಕೈಬದಲಾಗುವುದನ್ನು ನೋಡಿ ಬೆಳೆಯುವ ಇಂದಿನ ಮಗುವಿಗೆ ಯಾವ ನಾಣ್ಯವನ್ನು ತೋರಿಸಬೇಕೆಂಬುದೂ ಯೋಚಿಸತಕ್ಕ ಮಾತೇ.

ಇನ್ನು ಯಾವ ಪ್ರಶ್ನೆ ಯಾವ ವಯಸ್ಸಿಗೆ ಸಲ್ಲುತ್ತದೆಂಬುದನ್ನು ಮೇಜಿನ ಮುಂದೆ ಕುಳಿತು ನಿರ್ಧರಿಸಲಾಗದು. ಅದನ್ನು ನೂರಾರು ಮಕ್ಕಳಿಗೆ ಕೊಟ್ಟು, ಯಾವ ವಯಸ್ಸಿನವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿ ಸರಿಯಾಗಿ ಉತ್ತರಿಸುತ್ತಾರೋ ಆ ವಯಸ್ಸಿಗೆ ಸೇರಿಸಬೇಕು. ಆ ಮಕ್ಕಳು ಯಾರು ಎಂಬುದರಲ್ಲಿಯೇ ಇಡೀ ವಿಷಯದ ಗುಟ್ಟಿದೆ. ನಮ್ಮ ದೇಶಪಾಂಡೆ ನಗರದ ವಕೀಲರ, ವೈದ್ಯರ ಮಕ್ಕಳನ್ನು ಮಾತ್ರ ಕೂಡಿಹಾಕಿದರೆ ಅಳತೆಗೋಲು ಮೇಲಕ್ಕೆ ಜಗ್ಗುತ್ತದೆ. ಮಿಲ್ ಕೆಲಸಗಾರರ ಮಗು ಅದರ ಮುಂದೆ ವಿನಾಕಾರಣ ಮಂದನಾಗುತ್ತದೆ. ಟರ್ಮನ್ನರು ಐದರಿಂದ ಹದಿನಾಲ್ಕು ವರ್ಷದೊಳಗಿನ 905 ಮಕ್ಕಳನ್ನು ಪರೀಕ್ಷಿಸಿದಾಗ, ಮಧ್ಯಮ ಸ್ಥಿತಿಯ ಊರುಗಳಲ್ಲಿ ಹುಟ್ಟಿದ ದಿನಕ್ಕೆ ಎರಡು ತಿಂಗಳೊಳಗೆ ಇದ್ದವರನ್ನೆಲ್ಲ ತೆಗೆದುಕೊಂಡರು. ಜಾಣರೆಂದು ಮಾಸ್ತರರು ಮುಂದೆ ತಳ್ಳಿದವರನ್ನು ಆರಿಸಿಕೊಳ್ಳಲಿಲ್ಲ.

ಪರೀಕ್ಷಿಸುವವನ ಮುಖವೂ ಒಂದು ತೊಡಕು. ಬರ್ಲಿನ್ನಿನಲ್ಲಿ ಹ್ಯಾನ್ಸ್ ಎಂಬ ಕುದುರೆಯೊಂದು ಲೆಕ್ಕಕ್ಕೆ ಉತ್ತರವಾಗಿ ಗೊರಸನ್ನು ಬಡಿಯುತ್ತಿತ್ತು. ಆಸ್ಕರ್ ಫುಂಗ್‌ಸ್ಟ್ ಎಂಬವನು ಉತ್ತರ ಗೊತ್ತಿಲ್ಲದವರಿಂದ ಪ್ರಶ್ನೆ ಕೇಳಿಸಿದಾಗ ಕುದುರೆಯ ಗಣಿತವೆಲ್ಲ ಮಾಯವಾಯಿತು. ಕೇಳುವವರ ತಲೆಯ ಅಲುಗಾಟವನ್ನು ನೋಡಿ ಅದು ನಿಲ್ಲಿಸುತ್ತಿತ್ತೆಂದು ಆತ 1907ರಲ್ಲಿ ಪ್ರಕಟಿಸಿದನು. ಕುದುರೆಗೇ ತಿಳಿಯುವ ಸನ್ನೆ ಮಗುವಿಗೆ ತಿಳಿಯದೇ?

ಅಂಕಿ ಕೈಗೆ ಬಂದೊಡನೆ ಅದನ್ನು ಏರಿಸುವ ಉಪಾಯವನ್ನು ಜನರು ಅರಸತೊಡಗುತ್ತಾರೆ. ಬ್ರಾಹ್ಮಿಯ ಪಾನಕ ಬುದ್ಧಿಗೆ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿ ಹಳೆಯದು. ಅತಿ ಕಡಿಮೆ ಅಂಕ ಪಡೆದ ಮೂವತ್ತು ಮಕ್ಕಳಿಗೆ ಆರು ತಿಂಗಳು ಅದನ್ನು ಕುಡಿಸಿ ಮತ್ತೆ ಪರೀಕ್ಷಿಸಿದರೆ ಅಂಕ ಏರಿರುವುದು ಬಹುಮಟ್ಟಿಗೆ ಖಂಡಿತ. ಆದರೆ ಏರಿಸಿದ್ದು ಬ್ರಾಹ್ಮಿಯೇ? ಪ್ರಶ್ನೆಗಳು ಎರಡನೆಯ ಸಲಕ್ಕೆ ಪರಿಚಿತವಾಗಿವೆ. ಮನೆಯವರ ಗಮನ ಹೆಚ್ಚಿದೆ. ಇವೆಲ್ಲಕ್ಕಿಂತ ಕಣ್ಣಿಗೆ ಬೀಳದ ಕಾರಣವೆಂದರೆ, ಒಂದು ದಿನ ಕಟ್ಟಕಡೆಗೆ ನಿಂತವರಲ್ಲಿ ಅಂದು ಜ್ವರವಿದ್ದವರೂ ಹೆದರಿದವರೂ ಇದ್ದೇ ಇರುತ್ತಾರೆ, ಮರುಸಲ ಅವರು ತಮ್ಮಷ್ಟಕ್ಕೆ ತಾವೇ ಮೇಲೆ ಬರುತ್ತಾರೆ. ಆದಕಾರಣ ಮಕ್ಕಳನ್ನು ಚೀಟಿಯೆತ್ತಿ ಎರಡು ಗುಂಪು ಮಾಡಬೇಕು. ಒಂದು ಗುಂಪಿಗೆ ಬ್ರಾಹ್ಮಿ, ಇನ್ನೊಂದಕ್ಕೆ ಅದೇ ಬಣ್ಣದ, ಅದೇ ಕಹಿಯ, ಬ್ರಾಹ್ಮಿಯಿಲ್ಲದ ಪಾನಕ. ಯಾರು ಏನು ಕುಡಿದರೆಂಬುದು ಮಗುವಿಗೂ ತಿಳಿಯಬಾರದು, ಪರೀಕ್ಷಕನಿಗೂ ತಿಳಿಯಬಾರದು. ಗುಂಪುಗಳ ನಡುವಣ ವ್ಯತ್ಯಾಸವೊಂದೇ ಆಗ ಬ್ರಾಹ್ಮಿಯ ಲೆಕ್ಕಕ್ಕೆ ಸೇರತಕ್ಕದ್ದು. ಚೀಟಿಯೆತ್ತುವ ಈ ಕ್ರಮಕ್ಕೆ ಭದ್ರವಾದ ತರ್ಕವನ್ನು ಒದಗಿಸಿದ ರೊನಾಲ್ಡ್ ಫಿಶರರ ಗ್ರಂಥ 1935ರದು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಆರಂಭಿಸಿದ್ದೂ ಅದೇ ವರ್ಷವೆಂಬುದನ್ನು ಕೇಳುಗರಿಗೆ ನೆನಪಿಸಲು ನಮಗೆ ಸಂತೋಷ.

ಈಗ ಆ 75ಕ್ಕೆ ಬರೋಣ. ಹತ್ತರವರೆಗಿನ ಒಂದೊಂದು ವಯಸ್ಸಿಗೆ ಆರು ಪ್ರಶ್ನೆ, ಒಂದೊಂದು ಸರಿಯುತ್ತರಕ್ಕೆ ಎರಡು ತಿಂಗಳು. ಹುಡುಗನಿಗೆ ದೊರೆತದ್ದು ಆರು ವರ್ಷದ ಮಾನಸಿಕ ವಯಸ್ಸು. ಆರನ್ನು ಎಂಟರಿಂದ ಭಾಗಿಸಿ ನೂರರಿಂದ ಗುಣಿಸಿದರೆ 75. ಅವನ ಮನೆಮಾತು ಕೊಂಕಣಿ, ಪರೀಕ್ಷೆ ನಡೆದದ್ದು ಕನ್ನಡದಲ್ಲಿ. ಮಾತು ತಿಳಿಯದೆ ಮೂರೇ ಪ್ರಶ್ನೆಗಳು ತಪ್ಪಿದ್ದರೂ ಆರು ತಿಂಗಳು ಹೋಯಿತು. ಅವು ಸಿಕ್ಕಿದ್ದರೆ ಲಬ್ಧ 81 ಆಗುತ್ತಿತ್ತು. ಇತ್ತ ಇನ್ನೊಂದು ದೋಷ ವಿರುದ್ಧ ದಿಕ್ಕಿಗೆ ಎಳೆಯುತ್ತದೆ. ತಲೆಮಾರಿನಿಂದ ತಲೆಮಾರಿಗೆ ಮಕ್ಕಳ ಅಂಕಗಳು ಏರುತ್ತಿವೆ. ಅಮೆರಿಕೆಯಲ್ಲಿ 1932ರಿಂದ 1978ರವರೆಗೆ ಸುಮಾರು 14 ಅಂಕಗಳಷ್ಟು ಏರಿಕೆಯಾಯಿತೆಂದು ಜೇಮ್ಸ್ ಫ್ಲಿನ್ 1984ರಲ್ಲಿ ತೋರಿಸಿದರು. 1934ರ ಮಕ್ಕಳಿಂದ ತೆಗೆದ ಕೋಲಿನಿಂದ ಇಂದಿನ ಮಗುವನ್ನು ಅಳೆದರೆ ಅವನು ಇರುವುದಕ್ಕಿಂತ ಎತ್ತರವಾಗಿ ಕಾಣುವ ಸಂಭವವಿದೆ. ಸುಮಾರು 70ರ ಕೆಳಗೆ ಬಂದವರನ್ನು ಸಹಾಯಕ್ಕೆ ಅರ್ಹರೆಂದು ಪರಿಗಣಿಸುವುದು ರೂಢಿ. ಹಳೆಯ ಕೋಲು ಕೊಡುವ 75, ನೆರವು ನಿಜವಾಗಿ ಬೇಕಾದ ಮಗುವನ್ನು ಬಾಗಿಲ ಹೊರಗೆ ನಿಲ್ಲಿಸಬಲ್ಲದು. ಭಾಷೆಯ ದೋಷವೋ ಸಾಮಾನ್ಯ ಮಗುವಿಗೆ ಮಂದನೆಂಬ ಮುದ್ರೆಯೊತ್ತಬಲ್ಲದು. ಯಾವುದು ಎಷ್ಟು ಎಳೆದಿದೆಯೆಂಬುದನ್ನು ಆ ಕಾಗದ ಹೇಳುವುದಿಲ್ಲ.

ಕೊಂಕಣಿ ಬಲ್ಲ ಪರೀಕ್ಷಕರಿಂದ, ಈಚಿನ ಮಕ್ಕಳ ಮೇಲೆ ನಿಂತ ಬೇರೊಂದು ಪರೀಕ್ಷೆಯನ್ನೂ ಮಾಡಿಸಿರೆಂದು ನೆರೆಯವರಿಗೆ ಹೇಳಿದೆವು. ಹುಡುಗ ತಾನೇ ಸ್ನಾನ ಮಾಡಿಕೊಳ್ಳುವನೇ, ಮೂಲೆಯ ಅಂಗಡಿಯಿಂದ ಹೇಳಿದ ಸಾಮಾನು ತರುವನೇ, ಆಟದ ನಿಯಮಗಳನ್ನು ಹಿಡಿಯುವನೇ ಎಂಬುದನ್ನು ಎರಡು ವಾರ ನೋಡಿ ಬರೆದುಕೊಂಡು ಹೋಗಿರೆಂದೂ ಹೇಳಿದೆವು. ಅವರು ಕಾಗದವನ್ನು ಮಡಿಚಿ ಕಿಸೆಗೆ ಹಾಕಿಕೊಂಡು, ಅಂಗಡಿಗಂತೂ ಅವನೇ ದಿನಾಲು ಹೋಗುತ್ತಾನೆಂದರು.