ಹುಟ್ಟುವಳಿ ಕುಗ್ಗಿದ ವರ್ಷದಲ್ಲಿ ಸರ್ಕಾರದ ಆಯವ್ಯಯ

ಮಂಜೂರಾದ ಕೆರೆಯ ದುರಸ್ತಿಯು ನಡುವೆ ನಿಂತುದೇಕೆಂದು ರೈತರು ಕೇಳುವುದುಂಟು. ಇದಕ್ಕೆ ಉತ್ತರವು ಅನೇಕ ವೇಳೆ ಸರ್ಕಾರದ ಆಯವ್ಯಯದ ಪಟ್ಟಿಯಲ್ಲಿರುವುದು.

ಈ ಪಟ್ಟಿಯಲ್ಲಿ ಲೆಕ್ಕಗಳು ಎರಡು. ತೆರಿಗೆಗಳ ಹುಟ್ಟುವಳಿಯೂ, ಸಂಬಳ, ನಿವೃತ್ತಿವೇತನ, ಬಡ್ಡಿ ಮೊದಲಾದ ವೆಚ್ಚಗಳೂ ರಾಜಸ್ವದ ಲೆಕ್ಕಕ್ಕೆ ಸೇರುವುವು. ಕಾಲುವೆ, ಕಟ್ಟೆ, ರಸ್ತೆಗಳ ನಿರ್ಮಾಣವೂ ಸಾಲವೂ ಬಂಡವಾಳದ ಲೆಕ್ಕಕ್ಕೆ. ಬಾವಿ ತೋಡಲು ಮಾಡಿದ ಸಾಲವು ಬೆಳೆಯಿಂದ ತೀರೀತು. ಊಟಕ್ಕೆಂದು ಮಾಡಿದ ಸಾಲವು ಹಾಗಲ್ಲ. ಆದಕಾರಣ ರಾಜಸ್ವದಲ್ಲಿ ಕೊರತೆ ಬೀಳಕೂಡದೆಂಬುದು 2002ರ ಕರ್ನಾಟಕ ವಿತ್ತೀಯ ಹೊಣೆಗಾರಿಕೆಯ ಅಧಿನಿಯಮದ ಉದ್ದೇಶಗಳಲ್ಲೊಂದು.

2020ನೆಯ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರದವರು ಸುಮಾರು 2,37,893 ಕೋಟಿ ರೂಪಾಯಿಗಳ ಆಯವ್ಯಯವನ್ನು ಮಂಡಿಸಿದರು. ಆ ತಿಂಗಳ ಕೊನೆಗೇ ಕೋವಿಡ್ ನಿರ್ಬಂಧದಿಂದ ವ್ಯಾಪಾರವು ನಿಂತು, ತೆರಿಗೆಯ ಅಂದಾಜು ತಲೆಕೆಳಗಾಯಿತು.

ತೆರಿಗೆಯನ್ನು ಏರಿಸಬಾರದೇಕೆ? 2017ನೆಯ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆಯ ದರಗಳನ್ನು ಒಂದು ರಾಜ್ಯವು ತಾನೊಂದೇ ಬದಲಿಸುವಂತಿಲ್ಲ. ಮದ್ಯ, ಪೆಟ್ರೋಲು, ಡೀಸೆಲು, ಮುದ್ರಾಂಕ, ವಾಹನಗಳಂಥ ಕೆಲವೇ ಬಾಬುಗಳು ಕೈಯಲ್ಲುಳಿದಿರುವುವು. ಆ ವರ್ಷ ಮದ್ಯದ ಸುಂಕವನ್ನು ಏರಿಸಿದರು. ನೌಕರರ ತುಟ್ಟಿಭತ್ಯದ ಏರಿಕೆಯನ್ನು 2021ನೆಯ ಜೂನಿನವರೆಗೆ ತಡೆಹಿಡಿದರು. ಸಂಬಳ, ಬಡ್ಡಿಗಳನ್ನಾದರೋ ನಿಲ್ಲಿಸಲಾಗದು.

ಉಳಿದ ಕೊರತೆಯನ್ನು ಮುಖ್ಯವಾಗಿ ಸಾಲದಿಂದ ತುಂಬಬೇಕಾಯಿತು. ಕೇಂದ್ರದ ಸಾಲವನ್ನು ತೀರಿಸದಿರುವ ರಾಜ್ಯವು ಹೊಸದಾಗಿ ಸಾಲವೆತ್ತಲು, ಸಂವಿಧಾನದ 293ನೆಯ ಅನುಚ್ಛೇದದಂತೆ, ಕೇಂದ್ರದ ಒಪ್ಪಿಗೆ ಬೇಕು. ಕೇಂದ್ರವು ಮಿತಿಯನ್ನು ಸಡಿಲಿಸಲು, ರಾಜ್ಯವೂ 2020ರಲ್ಲಿ ತನ್ನ ಅಧಿನಿಯಮವನ್ನು ತಿದ್ದಿ, ರಾಜ್ಯದ ಉತ್ಪನ್ನದ ಶೇಕಡ 3ರಷ್ಟಿದ್ದ ವಿತ್ತೀಯ ಕೊರತೆಯ ಮಿತಿಯನ್ನು ಆ ವರ್ಷದ ಮಟ್ಟಿಗೆ 5ಕ್ಕೆ ಏರಿಸಿತು. ತೆರಿಗೆಯ ಪರಿಹಾರಕ್ಕೆಂದು ಕೇಂದ್ರವೇ ಸಾಲವೆತ್ತಿ ರಾಜ್ಯಗಳಿಗೆ ಕೊಟ್ಟಿತು. ಅದನ್ನು ಪರಿಹಾರದ ಸೆಸ್ಸಿನಿಂದ ತೀರಿಸತಕ್ಕದ್ದೆಂದು ಗೊತ್ತಾಯಿತು. ಹೀಗೆ ಲೆಕ್ಕವೇನೋ ಸರಿಹೊಂದಿತು. ರಾಜಸ್ವದ ಲೆಕ್ಕದಲ್ಲಿ ಮಾತ್ರ ಕೊರತೆಯು ಉಳಿಯಿತು. ಊಟಕ್ಕೆ ಮಾಡಿದ ಸಾಲವೆಂದರೆ ಇದೇ.

ಸಾಲದ ಮಿತಿಯು ಸಡಿಲವಾಗದ ವರ್ಷಗಳಲ್ಲಿ ಕೊಡಲಿಯ ಪೆಟ್ಟು ಬೀಳುವುದು ಕಾಮಗಾರಿಗಳ ಮೇಲೆ. ಇದಕ್ಕೆ ಗದ್ದಲವಿಲ್ಲ, ಹಣದ ಕಂತು ಬಿಡುಗಡೆಯಾಗದಿದ್ದರೆ ಸಾಕು, ಕೆಲಸವು ತಾನೇ ನಿಲ್ಲುವುದು. ತಮ್ಮ ಕೆರೆಯ ಗತಿಯನ್ನು ತಿಳಿಯಬೇಕೆನ್ನುವವರು ಮುಂದಿನ ವರ್ಷದ ಆಯವ್ಯಯದ ಪುಸ್ತಕವನ್ನು ತೆರೆದು, ಸಣ್ಣ ನೀರಾವರಿಯ ಬಾಬಿನಲ್ಲಿ ಹಿಂದಿನ ವರ್ಷದ ಮೂಲ ಅಂದಾಜನ್ನೂ ಪರಿಷ್ಕೃತ ಅಂದಾಜನ್ನೂ ಹೋಲಿಸಿ ನೋಡಬಹುದು.